ಅವ್ವನನ್ನು ‘ಹೊಲದ ಕೆಲಸದವಳು’ ಅಂದುಬಿಟ್ಟೆ

ಪ್ರಶ್ನೆ: ನನಗೆ 26 ವರ್ಷ. ಆಳಂದ ತಾಲ್ಲೂಕಿನ ಹಳ್ಳಿಯವಳು. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371 ಜೆ ಮೀಸಲಾತಿಯಲ್ಲಿ ಆಯ್ಕೆಯಾಗಿ ಕಲಬುರಗಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿದ್ದೇನೆ. ಅಪ್ಪ ಇಲ್ಲೇ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಮೂಟೆ ಹೊರುವ ಹಮಾಲಿ. ಅವ್ವ ಊರಲ್ಲಿ ಎರಡು ಎಕರೆ ಹೊಲ ನೋಡಿಕೊಳ್ಳುತ್ತಾಳೆ. ಕಚೇರಿಯಲ್ಲಿ ಮಾತ್ರ ‘ಅಪ್ಪಂದು ತೊಗರಿ ವ್ಯಾಪಾರ’ ಅಂತ ಹೇಳಿದ್ದೇನೆ. ಅದಕ್ಕೆ ತಕ್ಕ ಹಾಗೆ ಕಾಣಬೇಕೆಂದು ಫೋನು, ಸ್ಕೂಟಿ ಎಲ್ಲ ಕಂತಿನ ಮೇಲೆ. ಹೋದ ತಿಂಗಳು ಅವ್ವ ರೊಟ್ಟಿ ಗಂಟು ಹಿಡಿದು ಕಚೇರಿಗೆ ಬಂದಳು. ಜೊತೆಗೆ ನನ್ನ ಬಾಲ್ಯದ ಗೆಳತಿ. ‘ಯಾರಿವರು?’ ಅಂತ ಪಕ್ಕದವರು ಕೇಳಿದಾಗ ‘ನಮ್ಮ ಹೊಲದಲ್ಲಿ ಕೆಲಸ ಮಾಡೋರು’ ಅಂದುಬಿಟ್ಟೆ. ಇಬ್ಬರಿಗೂ ಕೇಳಿಸಿತು. ಅವ್ವ ಅದರ ಬಗ್ಗೆ ಇವತ್ತಿಗೂ ಮಾತೆತ್ತಿಲ್ಲ. ಗೆಳತಿ ಫೋನ್ ಎತ್ತುತ್ತಿಲ್ಲ. ನಾನು ಪರೀಕ್ಷೆಗೆ ಓದುವಾಗ ಹೊಲಿಗೆ ದುಡ್ಡಿನಲ್ಲಿ ನನ್ನ ಕೋಚಿಂಗ್ ಫೀಸು ಕಟ್ಟಿದವಳು ಅವಳು. ಏನು ಮಾಡಲಿ?

ಉತ್ತರ: ತಂಗಿ, ಈ ಭಾನುವಾರವೇ ಊರಿಗೆ ಹೋಗು. ಫೋನಿನಲ್ಲಿ ಮುಗಿಸುವ ಮಾತಲ್ಲ ಇದು.

ಅವ್ವ ಸುಮ್ಮನಿದ್ದಾಳೆ ಅಂದರೆ ಮರೆತಿದ್ದಾಳೆ ಅಂತಲ್ಲ. ನಮ್ಮ ಕಡೆ ತಾಯಂದಿರು ಇಂಥದ್ದನ್ನೆಲ್ಲ ನುಂಗಿಕೊಂಡು ‘ಉಂಡಿಯೇನವ್ವ?’ ಅಂತ ಕೇಳುತ್ತಾರೆ. ಅದನ್ನೇ ಕ್ಷಮೆ ಅಂದುಕೊಂಡು ಕೂರಬೇಡ. ಅವತ್ತು ಆಕೆ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿರುತ್ತಾಳೆ. ಬಟ್ಟೆಯಲ್ಲಿ ಸುತ್ತಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಮಗಳ ಕಚೇರಿ ನೋಡುವ ಆಸೆಯಿಂದ ಬಸ್ ಹತ್ತಿರುತ್ತಾಳೆ. ಆಕೆಯ ಪಕ್ಕ ಕೂತು, ಅವತ್ತು ಅಂದ ಮಾತನ್ನೇ ಬಾಯಿಬಿಟ್ಟು ಹೇಳು: ‘ಅವ್ವಾ, ನಿನಗ ಹೊಲದಾಗ ಕೆಲಸ ಮಾಡಾಕಿ ಅಂದೆ. ನಂದು ತಪ್ಪಾಗ್ಯಾದ.’ ಗಾಬರಿ, ಒತ್ತಡ ಅಂತ ಕಾರಣ ಜೋಡಿಸಬೇಡ. ಆಕೆ ಅತ್ತರೆ ಅಳಲಿ, ಬೈದರೆ ಬೈಯಲಿ.

ಗೆಳತಿಯ ವಿಷಯ ಇದಕ್ಕಿಂತ ಕಷ್ಟ. ಅವ್ವ ನಿನ್ನನ್ನು ಬಿಡಲಾರಳು, ಗೆಳತಿ ಬಿಡಬಹುದು. ಆದರೂ ಮನೆಗೆ ಹೋಗು. ಅವಳು ಕಟ್ಟಿದ ಫೀಸಿನ ದುಡ್ಡು ಕೊಡಬೇಕಾದ್ದೇ, ಆದರೆ ಅದೇ ದಿನ ಕೈಗಿಡಬೇಡ. ಲೆಕ್ಕ ಚುಕ್ತಾ ಮಾಡಲು ಬಂದಳು ಅಂತ ಅನಿಸುತ್ತದೆ. ಅವಳು ಮಾತಾಡಲು ಸಮಯ ತಗೊಂಡರೆ ತಗೊಳ್ಳಲಿ. ಆ ಹಕ್ಕು ಅವಳಿಗಿದೆ.

ಇನ್ನು ಅಪ್ಪ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಈ ನೆಲದ ಬೆಳೆಯೆಂಬ ಅಧಿಕೃತ ಗುರುತು) ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ತೊಗರಿಯ ಚೀಲ ಲಾರಿ ಏರುವುದು ನಿಮ್ಮಪ್ಪನಂಥವರ ಬೆನ್ನಿನ ಮೇಲೆ. ಇಲ್ಲೇ ಹತ್ತಿರದ ಕಲ್ಯಾಣದಲ್ಲಿ (ಈಗಿನ ಬಸವಕಲ್ಯಾಣ), 12ನೇ ಶತಮಾನದಲ್ಲೇ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಶರಣರ ಸಾಲಿನಲ್ಲಿ ತಲೆಯೆತ್ತಿ ಕೂತಿದ್ದರು. ಅಂಥ ನೆಲದ ಮಗಳು ನೀನು. ಅಪ್ಪನ ದುಡಿಮೆ ಮುಚ್ಚಿಡುವಂಥದ್ದಲ್ಲ ತಂಗಿ.

ಕಚೇರಿಯಲ್ಲಿ ನಿಜ ಹೇಳಲೇಬೇಕು. ಒಂದೇ ಮಾತು ಸಾಕು: ‘ನಮ್ಮಪ್ಪ ಗಂಜಿನಲ್ಲಿ ಹಮಾಲಿ. ಅವತ್ತು ರೊಟ್ಟಿ ತಂದವರು ನಮ್ಮವ್ವ.’ ಒಂದಿಬ್ಬರು ಹಿಂದೆ ಆಡಿಕೊಂಡು ನಗಬಹುದು. ನಗಲಿ, ಅವರು ನಿನ್ನ ಫೀಸು ಕಟ್ಟಿದವರಲ್ಲ. ಆದರೆ ಒಂದು ಎಚ್ಚರ. ಅವ್ವನ ಫೋಟೊ ಸ್ಟೇಟಸ್‌ಗೆ ಹಾಕಿ ‘ನನ್ನ ಹೆಮ್ಮೆ’ ಅಂತ ಬರೆಯಬೇಡ. ಮೊನ್ನೆಯವರೆಗೆ ವ್ಯಾಪಾರಿ ಅಪ್ಪನನ್ನು ತೋರಿಸಿದೆ, ಈಗ ಬಡ ಅವ್ವನನ್ನು ತೋರಿಸಿದರೆ ಅದೂ ತೋರಿಕೆಯೇ ಅಲ್ವಾ?

ಇರುವ ಕಂತು ತೀರಿಸು, ಹೊಸದು ಬೇಡ.

ಎಳ್ಳ ಅಮಾವಾಸ್ಯೆಗೆ ಅರ್ಧ ಕಲಬುರಗಿ ಹೊಲಗಳಲ್ಲೇ ಇರುತ್ತದೆ. ಸ್ವಂತ ಹೊಲ ಇಲ್ಲದವರೂ ಗೆಳೆಯರ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ಕಡಬು ಉಣ್ಣುತ್ತಾರೆ. ನಿಮ್ಮ ಹೊಲದಲ್ಲಿ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಚೆಲ್ಲಲು, ಕಚೇರಿಯವರನ್ನೂ ಕರೆಯಬಹುದು. ಆದರೆ ಕರೆಯುವ ಮುಂಚೆ ಅವ್ವನನ್ನು ಕೇಳು. ಆಕೆ ‘ಈ ವರ್ಷ ಬ್ಯಾಡ’ ಅಂದರೆ ಒತ್ತಾಯ ಮಾಡಬೇಡ. ಗೆಳತಿಯನ್ನು ಕರೆಯಲು ಮಾತ್ರ ಹಬ್ಬದ ತನಕ ಕಾಯಬೇಡ, ಭಾನುವಾರ ಹೋದಾಗಲೇ ಹೇಳಿ ಬಾ.