ಶಾರ್ಜಾದಲ್ಲಿ ಕೂತು ಎಣ್ಮಕಜೆಯ ಅಂಗಳ ಬಿಡಿಸುವುದಾದರೆ

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪೆರ್ಲದಿಂದ ಶಾರ್ಜಾಕ್ಕೆ ಬಂದು ಎರಡು ತಿಂಗಳಾಯಿತು, ಬೆಡ್‌ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಬಾಡಿಗೆ ಮಂಚದಲ್ಲಿ ವಾಸ, ರಾತ್ರಿ ಚಿತ್ರ ಬಿಡಿಸಲು ಕೂತರೆ ಊರಿನ ಮನೆ ಸರಿಯಾಗಿ ಬರುವುದಿಲ್ಲ, ಫೋಟೋ ನೋಡಿ ಬಿಡಿಸಬಹುದೋ, ಇಲ್ಲಿ ಜಲವರ್ಣ ಎಂತಕ್ಕೆ ಕೆಡುತ್ತದೆ ಎಂದು ಕೇಳಿದ್ದೀರಿ. ಸಂಬಳ, ವೀಸಾದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಉಂಟು. ಇಲ್ಲಿ ಚಿತ್ರದ ವಿಷಯ ಮಾತ್ರ.

ಮೊದಲ ಚಿತ್ರ ಮುಗಿಯುವವರೆಗೆ ಫೋಟೋ ಬೇಡ ಮಾರಾಯ್ರೆ. ಮೊಬೈಲಿನ ಲೆನ್ಸು ಅಗಲದ್ದು. ಎದುರಿನ ಜಗಲಿಕಂಬ ದೊಡ್ಡದಾಗಿ ವಾಲುತ್ತದೆ, ಹಿಂದಿನ ದನದ ಹಟ್ಟಿ ಬೆಂಕಿಪೆಟ್ಟಿಗೆಯಷ್ಟಾಗುತ್ತದೆ, ಅಂಗಳ ಮೈದಾನವಾಗುತ್ತದೆ. ಅದನ್ನು ಒಮ್ಮೆ ಬಿಡಿಸಿದಿರೋ, ಆಮೇಲೆ ಮನಸ್ಸಿಗೆ ಬರುವುದು ಆ ಫೋಟೋವೇ.

ಎದುರುನೋಟಕ್ಕೆ ಕೈಹಾಕುವ ಮೊದಲು ಮೇಲಿನಿಂದ ನೋಡಿದ ಹಾಗೆ ಜಾಗದ ನಕ್ಷೆ ಹಾಕಿ. ಜಗಲಿಯಿಂದ ಬಾವಿಕಟ್ಟೆಗೆ ಎಷ್ಟು ಹೆಜ್ಜೆ, ತೋಟಕ್ಕೆ ಇಳಿಯುವಾಗ ಎಷ್ಟು ಮೆಟ್ಟಿಲು, ತೋಡು ದಾಟುವ ಸಂಕ ಯಾವ ಬದಿಗೆ ಎಂದು ಬರೆಯಿರಿ. ಕಣ್ಣು ಮರೆತದ್ದನ್ನು ಕಾಲು ಎಷ್ಟೋ ಸಲ ನೆನಪಿಟ್ಟಿರುತ್ತದೆ. ಖಚಿತವಿದ್ದದ್ದಕ್ಕೆ ಕಪ್ಪು ಪೆನ್ನು, ಸಂಶಯವಿದ್ದದ್ದಕ್ಕೆ ನೀಲಿ ಚುಕ್ಕಿಗೆರೆ. ತಪ್ಪಿದರೆ ಅಳಿಸಬೇಡಿ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯಿರಿ. ಮನೆಗೆ ಫೋನು ಮಾಡಿದಾಗ ಫೋಟೋ ಕೇಳುವ ಬದಲು "ಮೆಟ್ಟಿಲು ಐದೋ ಆರೋ" ಎಂದು ಕೇಳಿ.

ಚಿತ್ರ ಹೆಚ್ಚಾಗಿ ಹಾಳಾಗುವುದು ಕಣ್ಣಿನ ಗೆರೆಯಲ್ಲಿ, ಅಂದರೆ ನೋಡುವವರ ಕಣ್ಣಿನ ಎತ್ತರಕ್ಕೆ ಹಾಳೆಯಲ್ಲಿ ಎಳೆಯುವ ಅಡ್ಡಗೆರೆಯಲ್ಲಿ. ನೆನಪಿನಲ್ಲಿ ಎರಡು ವಯಸ್ಸು ಕಲಸಿಹೋಗಿರುತ್ತದೆ. ಮೆಟ್ಟಿಲನ್ನು ನೋಡಿದ್ದು ಆರು ವರ್ಷದ ಮಗು, ಬಾಗಿಲನ್ನು ನೋಡಿದ್ದು ಊರು ಬಿಟ್ಟ ದೊಡ್ಡವರು. ಎರಡನ್ನೂ ಒಂದೇ ಹಾಳೆಗೆ ತಂದರೆ ಮೆಟ್ಟಿಲು ಗುಡ್ಡೆಯಷ್ಟಾಗಿ, ಬಾಗಿಲು ಗಿಡ್ಡವಾಗುತ್ತದೆ. ಹಾಗಾಗಿ ಯಾವ ವಯಸ್ಸಿನ ಚಿತ್ರ ಎಂದು ಮೊದಲೇ ತೀರ್ಮಾನಿಸಿ. ಮಗುವಿನದ್ದಾದರೆ ಕಣ್ಣಿನ ಗೆರೆ ನೆಲದಿಂದ ಮೂರೂವರೆ ಅಡಿಯಲ್ಲಿ, ನಿಂತ ದೊಡ್ಡವರದ್ದಾದರೆ ಐದಡಿಯ ಮೇಲೆ. ಮೂರೂವರೆ ಅಡಿಯ ಚಿತ್ರದಲ್ಲಿ ಅಂಗಳದಲ್ಲಿ ನಿಂತ ದೊಡ್ಡವರ ತಲೆಗಳೆಲ್ಲ ಆ ಗೆರೆಯ ಮೇಲೆ ಬರಬೇಕು.

ಇನ್ನು ಮುರಕಲ್ಲು, ಅಂದರೆ ಊರಿನ ಗೋಡೆ ಕಟ್ಟುವ ಕೆಂಪುಕಲ್ಲು. ಹೆಚ್ಚಿನವರು ಇಟ್ಟಿಗೆ ಬಿಡಿಸಿ ಮುರಕಲ್ಲು ಅನ್ನುತ್ತಾರೆ. ಒಂದು ಕಲ್ಲು ಅಡಿಗಿಂತ ಉದ್ದ, ಸಾಲಿನ ಎತ್ತರ ಏಳೆಂಟು ಇಂಚು, ಹತ್ತಡಿ ಗೋಡೆಗೆ ಹದಿನೈದು-ಹದಿನೇಳು ಸಾಲು ಸಾಕು. ಮೂವತ್ತು ಗೆರೆ ಎಳೆದಿದ್ದರೆ ಅದು ಇಟ್ಟಿಗೆಯ ಮನೆ. ಹೊಸದಾಗಿ ಕಡಿದ ಕಲ್ಲು ಕಿತ್ತಳೆ ಕೆಂಪು, ಮಳೆ ಹೊಡೆಯುವ ಬದಿ ಪಾಚಿ ಹಿಡಿದು ಕಪ್ಪು. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗ ಬಿಡಿಸುವುದಾದರೆ ಬಾಯಿ ಎರಡಡಿ ಅಗಲ, ಆರಡಿ ಎತ್ತರ. ರೈಲಿನ ಸುರಂಗದ ಹಾಗೆ ಕಮಾನು ಮಾಡಬೇಡಿ.

ಅಡಿಕೆಮರಕ್ಕೆ ತೆಂಗಿನ ತಲೆ ಇಡುವುದು ಇನ್ನೊಂದು ತಪ್ಪು. ತೆಂಗಿಗೆ ಮೂವತ್ತರಷ್ಟು ಗರಿ, ಅಡಿಕೆಗೆ ಹತ್ತರ ಆಸುಪಾಸು ಸೋಗೆ, ಅದರ ಕೆಳಗೆ ಸೋಗೆಯ ಬುಡ ಮರಕ್ಕೆ ಸುತ್ತಿಕೊಂಡ ಹಸಿರು ಹಾಳೆಯ ಕೊಳವೆ. ಕ್ರಮ ಪ್ರಕಾರ ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತಡಿ. ನೆಲದಲ್ಲಿ ಆ ಚೌಕ ಹಾಕಿಕೊಂಡರೆ ಸಾಲು ದೂರಕ್ಕೆ ಹೋಗುವ ಬಗೆ ತಾನಾಗಿ ಕೂಡಿಬರುತ್ತದೆ.

ಬಣ್ಣದ ಮಾತು. ಎಸಿ ಕೋಣೆಯ ಒಣ ಗಾಳಿಗೆ ನೀರು ಬೇಗ ಆರಿ, ಬಳಿದದ್ದರ ಅಂಚು ಗಟ್ಟಿ ಗೆರೆಯಾಗಿ ನಿಲ್ಲುತ್ತದೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಇರಲಿ. ಎರಡೂ ಬದಿ ಒದ್ದೆ ಮಾಡಿ, ಹಿಂಡಿದ ಒದ್ದೆ ಬಟ್ಟೆಯ ಮೇಲೆ ಹಾಸಿ. ಬಣ್ಣ ಕಲಸುವ ಒಂದು ಸಣ್ಣ ಲೋಟ ನೀರಿಗೆ ಎರಡು ಹನಿ ಗ್ಲಿಸರಿನ್ ಸಾಕು. ಹೆಚ್ಚಾದರೆ ಚಿತ್ರ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಕೋಣೆಯ ಹಳದಿ ಬಲ್ಬಿನಲ್ಲಿ ಸರಿ ಕಂಡ ಹಸಿರು ಬೆಳಗ್ಗೆ ನೀಲಿಗೆ ತಿರುಗಿರುತ್ತದೆ. ಹಗಲಿನಂಥ ಬಿಳಿ ಬೆಳಕು ಕೊಡುವ 5000 ಕೆಲ್ವಿನ್‌ನ, ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ತೋರುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಒಂದು ಟೇಬಲ್ ದೀಪ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಬಣ್ಣದ ಟ್ಯೂಬು ಕಾರಿನಲ್ಲಿ ಬಿಡಲೇಬೇಡಿ.

ಮುರಕಲ್ಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ. ಪಾಚಿಯ ಕಪ್ಪಿಗೆ ಅದೇ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ನೆರಳು ಮಾತ್ರ ಮೋಸ ಮಾಡುತ್ತದೆ. ಇಲ್ಲಿಯ ನೆರಳಿಗೆ ಮರಳಿನ ಹಳದಿ ಬೆಳಕು ತಾಗಿರುತ್ತದೆ, ತೋಟದ ನೆರಳಿನಲ್ಲಿ ಹಸಿರು ಉಂಟು. ಒಂದೆರಡು ವರ್ಷ ಇಲ್ಲಿ ಕಳೆದವರು ಬಿಡಿಸಿದ ಊರು ನೋಡಿ, ಆಟಿ ತಿಂಗಳ ಮಳೆಗೂ ಮರಳಿನ ಬಣ್ಣ ಬಂದಿರುತ್ತದೆ. ನೆನಪು ಹಸಿಯಿರುವಾಗಲೇ ಬಣ್ಣಗಳನ್ನು ಮಾತಿನಲ್ಲಿ ಬರೆದಿಡಿ: "ಮಧ್ಯಾಹ್ನ, ಹಟ್ಟಿಯ ಹಿಂದೆ, ಒದ್ದೆ ಅಡಿಕೆಹಾಳೆಯ ಹಸಿರು" ಎಂಬ ಹಾಗೆ.

ಕೈ ಪಳಗಲು ಹೊರಗೂ ಕೂರಬೇಕು. ನವೆಂಬರಿನಿಂದ ಮಾರ್ಚ್ ಒಳಗೆ ದುಬೈಯ ಹಳೇ ಕೇರಿ ಅಲ್ ಫಹೀದಿಗೆ ಹೋಗಿ. ಗಾಳಿಗೋಪುರಗಳ ಹಳೇ ಮನೆಗಳು, ಹವಳದ ಕಲ್ಲಿನ ಗೋಡೆಗಳು ಅಲ್ಲಿ ಉಂಟು. ಹತ್ತಿರದಲ್ಲೇ ಖೋರ್ (ಊರೊಳಗೆ ಬಂದ ಕಡಲಿನ ಕವಲು) ದಾಟುವ ಅಬ್ರಾ ದೋಣಿ. ದೋಣಿ ನಿಲ್ಲುವುದಿಲ್ಲ, ಆದ್ದರಿಂದ ಗೆರೆ ಕಡಿಮೆ ಮಾಡಲು ಕಲಿಸುತ್ತದೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನೂ ಹುಡುಕಿ ನೋಡಿ. ಸರಕಾರಿ ಕಟ್ಟಡ, ಬಂದರು, ವಿಮಾನ ನಿಲ್ದಾಣದ ಎದುರು ಪುಸ್ತಕ ತೆರೆಯಬೇಡಿ. ಹೆಂಗಸರನ್ನು, ಮಕ್ಕಳನ್ನು ಕೇಳದೆ ಬಿಡಿಸುವುದೂ ಬೇಡ.

ಮೊದಲ ರಜೆಯಲ್ಲಿ ಊರಿಗೆ ಹೋಗುವಾಗ ನಕ್ಷೆ, ಟ್ರೇಸಿಂಗ್ ಕಾಗದ, ಅಳತೆಯ ಟೇಪು ಒಯ್ಯಿರಿ. ಸರಿಯಾದ ಅಳತೆಯನ್ನು ಟ್ರೇಸಿಂಗ್ ಕಾಗದದಲ್ಲಿ ಬರೆದು ಹಳೇ ನಕ್ಷೆಯ ಮೇಲೆ ಇಡಿ, ಹಳೆಯದನ್ನು ತಿದ್ದಬೇಡಿ. ಅಷ್ಟರಲ್ಲಿ ಹಟ್ಟಿ ಕೆಡವಿದ್ದರೆ ಅದರ ಪಂಚಾಂಗ, ಅಂದರೆ ತಳಪಾಯ, ಉಳಿದಿರಬಹುದು, ಅದನ್ನೇ ಅಳೆಯಿರಿ.