ಸಾಮಾನಿನ ಕೋಣೆಯ ದೀಪ ಆರಿಸಲು ಮರೆಯುವುದನ್ನು ತಪ್ಪಿಸುವುದು ಹೇಗೆ?

ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಯ ದೀಪ ದಿನಗಟ್ಟಲೆ ಉರಿಯುತ್ತಲೇ ಇರುತ್ತದೆ, ಮನೆಯವರಿಗೆ ಎಷ್ಟು ಹೇಳಿದರೂ ಮರೆಯುತ್ತಾರೆ, ಸೆನ್ಸರ್ ಬಲ್ಬ್ ಹಾಕಿಸಿದರೆ ಸಾಕೇ ಎಂದು ತಾವು ಕೇಳಿದ್ದೀರಿ. ಸೆನ್ಸರ್ ಕೊಳ್ಳುವ ಮೊದಲು ಆ ಕೋಣೆಯ ಸ್ವಿಚ್ ಎಲ್ಲಿದೆ ಮತ್ತು ಕದ ಹಾಕಿದ ಮೇಲೆ ಒಳಗೆ ದೀಪ ಉರಿಯುತ್ತಿರುವುದು ಹೊರಗಿನವರಿಗೆ ತಿಳಿಯುತ್ತದೆಯೇ ಎಂಬ ಎರಡು ಸಂಗತಿಗಳನ್ನು ನೋಡಿಕೊಳ್ಳಿ. ನನ್ನ ಅನುಭವದಲ್ಲಿ ತೊಂದರೆಯ ಮುಕ್ಕಾಲು ಪಾಲು ಅಲ್ಲಿಯೇ ಇದೆ.

ಕಲಬುರಗಿಯಲ್ಲಿರುವ ನಮ್ಮ ಮನೆಯ ಹಳೆಯ ಭಾಗದಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ ಇದೆ. ದಪ್ಪನೆಯ ಕಲ್ಲಿನ ಗೋಡೆ, ಎತ್ತರದ ಹೊಸ್ತಿಲು, ಸಂದಿಯಿಲ್ಲದಂತೆ ಕೂಡುವ ಸಾಗುವಾನಿ ಕದ. ಒಳಗೆ ಜೋಳ ಮತ್ತು ತೊಗರಿಯ ಚೀಲಗಳು, ಶಹಾಬಾದ್ ಕಲ್ಲಿನ ಹಲಗೆಗಳ ಮೇಲೆ ಹಬ್ಬ ಹುಣ್ಣಿಮೆಗೆ ಮಾತ್ರ ಇಳಿಸುವ ದೊಡ್ಡ ಪಾತ್ರೆಗಳು. ಒಂದು ವರ್ಷ ಎಳ್ಳಮಾವಾಸ್ಯೆಗೆ ಹೊಲಕ್ಕೆ ಭಜ್ಜಿ ಒಯ್ಯಲು ಅವ್ವ ಅಲ್ಲಿಂದ ಒಂದು ಪಾತ್ರೆ ತಂದಳು. ಮತ್ತೆ ಆ ಕದ ತೆರೆದದ್ದು ಸಂಕ್ರಾಂತಿಯ ಮುನ್ನಾದಿನ, ಸುಮಾರು 15 ದಿನಗಳ ನಂತರ. ಅಷ್ಟೂ ದಿನ 60 ವ್ಯಾಟಿನ ಹಳೆಯ ಗಾಜಿನ ಬಲ್ಬು ಹಗಲಿರುಳು ಉರಿದಿತ್ತು. ಲೆಕ್ಕ ಹಾಕಿದರೆ 21.6 ಯೂನಿಟ್. ಬುಟ್ಟಿಯಲ್ಲಿ ಇಟ್ಟಿದ್ದ ಆಲೂಗಡ್ಡೆಗಳೂ ಬೆಳಕಿಗೆ ಹಸಿರುಗಟ್ಟಿದ್ದವು, ಅವನ್ನು ತಿನ್ನಬಾರದೆಂದು ಎಸೆಯಬೇಕಾಯಿತು. ಬಲ್ಬಿಗೂ ಮೇಲಿನ ಚೀಲಕ್ಕೂ ನಡುವೆ ಒಂದು ಗೇಣು ಅಂತರವಷ್ಟೇ ಇತ್ತು ಎಂಬುದನ್ನು ಅಂದು ಗಮನಿಸಿದಾಗ ನನಗೆ ಕರೆಂಟಿನ ಖರ್ಚಿಗಿಂತ ಆ ಸಂಗತಿಯೇ ಹೆಚ್ಚು ಗಾಬರಿ ಹುಟ್ಟಿಸಿತು, ಏಕೆಂದರೆ ಅಂಥ ಬಲ್ಬು ಎಳೆದುಕೊಳ್ಳುವ ವಿದ್ಯುತ್ತಿನಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ.

ಮರೆತವರು ಯಾರು ಎಂದು ವಿಚಾರಿಸಿದಾಗ ಅವ್ವ ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ಅವಳು ಒಳಗಿದ್ದಾಗಲೇ ಕರೆಂಟ್ ಹೋಗಿತ್ತು. ಕತ್ತಲಲ್ಲಿ ತಡವರಿಸುತ್ತ, ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಹೊರಬಂದು, ಕಾಲಿನಿಂದ ಕದ ಎಳೆದುಕೊಂಡಿದ್ದಳು. “ಕದ ಹಾಕಿದ ಮ್ಯಾಲ ಕರೆಂಟ್ ಬಂದ್ರ ನನಗ ಹ್ಯಾಂಗ ಗೊತ್ತಾಗಬೇಕು?” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಕೆಲವು ತಿಂಗಳು ಗಮನಿಸಿದೆ. ಆ ಕೋಣೆಯ ದೀಪ ಉಳಿದುಹೋದ ಹೆಚ್ಚಿನ ಸಂದರ್ಭಗಳಲ್ಲಿ ಒಂದೋ ಕರೆಂಟ್ ಹೋಗಿ ಬಂದಿತ್ತು, ಇಲ್ಲವೇ ಹೊರಬರುವವರ ಕೈಗಳೆರಡೂ ತುಂಬಿದ್ದವು. ಇಂಥಲ್ಲಿ ‘ನೆನಪಿನಿಂದ ಆರಿಸಿ’ ಎಂದು ಗೋಡೆಗೆ ಚೀಟಿ ಅಂಟಿಸಿ ಏನು ಪ್ರಯೋಜನ? ನಾನೂ ಅಂಟಿಸಿದ್ದೆ. ಕತ್ತಲಲ್ಲಿ ಅದನ್ನು ಓದುವವರಾರು!

ಆದ್ದರಿಂದ ನಾವು ಮೊದಲು ಮಾಡಿಸಿದ್ದು ಸ್ವಿಚ್ಚನ್ನು ಕೋಣೆಯ ಒಳಗಿನಿಂದ ಕದದ ಹೊರಗೆ, ಅಡುಗೆಮನೆಯಿಂದ ಕಣ್ಣಿಗೆ ಬೀಳುವ ಗೋಡೆಗೆ ತಂದದ್ದು, ಮತ್ತು ಅದರ ಪಕ್ಕದಲ್ಲಿ ಒಂದು ಕೆಂಪು ಇಂಡಿಕೇಟರ್ ಹಾಕಿಸಿದ್ದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಡಿಕೇಟರಿಗೆ ಎರಡು ಬಗೆಯ ಜೋಡಣೆಗಳಿವೆ. ಕತ್ತಲಲ್ಲಿ ಸ್ವಿಚ್ ಸಿಗಲಿ ಎಂದು, ದೀಪ ಆರಿದ್ದಾಗ ಹೊಳೆಯುವಂತೆ ಅದನ್ನು ಸ್ವಿಚ್ಚಿನ ಎರಡು ತುದಿಗಳ ನಡುವೆ ಜೋಡಿಸುವುದು ಒಂದು. ಇದು ನಮ್ಮ ಕೆಲಸಕ್ಕೆ ತದ್ವಿರುದ್ಧವಾದದ್ದು, ಜೊತೆಗೆ ಅದರ ಮೂಲಕ ಹರಿಯುವ ಅಲ್ಪ ಕರೆಂಟಿನಿಂದ ಕೆಲವು ಎಲ್‌ಇಡಿ ಬಲ್ಬುಗಳು ಆರಿಸಿದ ಮೇಲೂ ಮಿಣುಕುತ್ತವೆ. ನಮಗೆ ಬೇಕಾದದ್ದು ಸ್ವಿಚ್ಚಿನಿಂದ ದೀಪಕ್ಕೆ ಹೊರಡುವ ತಂತಿ ಮತ್ತು ನ್ಯೂಟ್ರಲ್ (ಕರೆಂಟ್ ಮರಳಿ ಹೋಗುವ ತಂತಿ) ನಡುವಿನ ಜೋಡಣೆ. ಹಾಗಿದ್ದರೆ ಒಳಗಿನ ದೀಪ ಉರಿಯುವಾಗ ಮಾತ್ರ ಇಂಡಿಕೇಟರ್ ಉರಿಯುತ್ತದೆ. ಕರೆಂಟ್ ಹೋದಾಗ ಎರಡೂ ಆರಿ, ಬಂದಾಗ ಎರಡೂ ಹೊತ್ತಿಕೊಳ್ಳುವುದರಿಂದ ಕದ ಮುಚ್ಚಿದ್ದರೂ ಹಾದುಹೋಗುವ ಯಾರಾದರೂ ನೋಡಿ ಸ್ವಿಚ್ ಒತ್ತುತ್ತಾರೆ. ಹಳೆಯ ವೈರಿಂಗಿನಲ್ಲಿ ಕೆಲವೊಮ್ಮೆ ಸ್ವಿಚ್‌ಬೋರ್ಡಿನವರೆಗೆ ನ್ಯೂಟ್ರಲ್ ತಂತಿ ಬಂದಿರುವುದಿಲ್ಲ, ಅದನ್ನು ಬೇರೆಯಾಗಿ ಎಳೆಸಬೇಕಾಗಬಹುದು. ಅದೇ ದಿನ ಬಲ್ಬನ್ನೂ ಬದಲಿಸಿ 9 ವ್ಯಾಟಿನ ಎಲ್‌ಇಡಿ ಹಾಕಿದೆವು.

ಇನ್ನು ಸೆನ್ಸರ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪಿಐಆರ್ ಸೆನ್ಸರ್ ಬೆಳಕನ್ನಾಗಲಿ ಸದ್ದನ್ನಾಗಲಿ ಹಿಡಿಯುವುದಿಲ್ಲ. ಮನುಷ್ಯನ ಮೈಯಿಂದ ಹೊಮ್ಮುವ ಶಾಖದ ಕಿರಣ ಅದರ ಮುಂದೆ ಸರಿದಾಡಿದಾಗ ಆಗುವ ಬದಲಾವಣೆಯನ್ನು ಅದು ಗುರುತಿಸುತ್ತದೆ. ಹಿನ್ನೆಲೆಯ ಗೋಡೆ ತಂಪಾಗಿದ್ದು ಮೈ ಬೆಚ್ಚಗಿದ್ದರೆ ಅದಕ್ಕೆ ಸುಲಭ. ಆದರೆ ಮೇ ತಿಂಗಳಿನಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ, ತಗಡಿನ ಸೂರಿರುವ ಮಾಳಿಗೆಯ ಮೇಲಿನ ಕೋಣೆಯಲ್ಲಿ ಗೋಡೆಗೂ ಮೈಗೂ ಶಾಖದಲ್ಲಿ ಅಂತರವೇ ಉಳಿಯುವುದಿಲ್ಲ; ಆಗ ಅದರ ಮುಂದೆ ಕೈ ಬೀಸಿ, ಹೆಜ್ಜೆ ಸಪ್ಪಳ ಮಾಡಿ, ಕೊನೆಗೆ ಮೊಬೈಲ್ ಟಾರ್ಚ್ ಹಚ್ಚಿ ಕೆಲಸ ಮುಗಿಸಿದ್ದೇನೆ. ಕೆಳಗಿನ ಕಲ್ಲುಗೋಡೆಯ ಕೋಣೆಯಲ್ಲಿ ಈ ತೊಂದರೆ ಅಷ್ಟಿಲ್ಲ. ಅಲ್ಲಿರುವ ತೊಂದರೆ ಬೇರೆ: ಚೀಲಗಳ ರಾಶಿಯ ಮರೆಯಲ್ಲಿ ಕುಳಿತು ತೊಗರಿ ಅಳೆಯುವವರು ಸೆನ್ಸರಿಗೆ ಕಾಣುವುದಿಲ್ಲ, ಹೀಗಾಗಿ ಅಳತೆಯ ನಡುವೆಯೇ ದೀಪ ಆರುತ್ತದೆ. ಹಾಕಿಸುವುದೇ ಆದರೆ ಬಾಗಿಲಿಗೆ ಎದುರಾಗಿ ಅಲ್ಲದೆ ಪಕ್ಕದ ಗೋಡೆಗೆ ಹಾಕಿಸಿ, ಏಕೆಂದರೆ ನೇರವಾಗಿ ಎದುರು ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಗುರುತಿಸುತ್ತದೆ. ದೀಪ ಉರಿಯುವ ಅವಧಿಯನ್ನು ಮೂರರಿಂದ ಐದು ನಿಮಿಷಕ್ಕೆ ಹೊಂದಿಸಿ. ರೇಡಾರ್ ಬಗೆಯ ಸೆನ್ಸರ್ ತೆಳುವಾದ ಕದದ ಆಚೆ ಓಡಾಡುವವರಿಗೂ ಹೊತ್ತಿಕೊಳ್ಳಬಹುದಾದ್ದರಿಂದ ಮೆಟ್ಟಿಲ ಕೆಳಗಿನ ಕೋಣೆಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಖರ್ಚಿನ ಲೆಕ್ಕವನ್ನೂ ಒಮ್ಮೆ ನೋಡಿ. ವಾರಕ್ಕೆ ಎರಡು ಬಾರಿ ಐದೈದು ನಿಮಿಷ ಹೋಗಿಬಂದರೆ 9 ವ್ಯಾಟಿನ ದೀಪ ತಿಂಗಳಿಗೆ 0.006 ಯೂನಿಟ್ ಮಾತ್ರ ಸುಡುತ್ತದೆ. ಸದಾ ಎಚ್ಚರವಾಗಿರುವ ಸೆನ್ಸರ್ ಅರ್ಧ ವ್ಯಾಟ್ ಎಳೆದುಕೊಂಡರೂ ತಿಂಗಳಿಗೆ 0.36 ಯೂನಿಟ್, ಅಂದರೆ ತಾನು ಕಾಯುವ ದೀಪದ 60 ಪಟ್ಟು! ಹಾಗೆಂದು ಅದು ದಂಡವಲ್ಲ. ಅದೇ ದೀಪ ತಿಂಗಳಿಡೀ ಉರಿದರೆ ಸುಮಾರು 6.5 ಯೂನಿಟ್ ಆಗುತ್ತದೆ, ಹಳೆಯ 60 ವ್ಯಾಟಿನದ್ದಾದರೆ 43 ಯೂನಿಟ್. ಗೃಹಜ್ಯೋತಿ ಇದೆಯಲ್ಲ, ಬಿಲ್ಲಿನ ಚಿಂತೆ ಏಕೆ ಎನ್ನುವವರು ನಮ್ಮಲ್ಲಿ ಬಹಳ. 2023ರ ಆಗಸ್ಟ್ 5ರಂದು ಆ ಯೋಜನೆಗೆ ಚಾಲನೆ ದೊರೆತದ್ದೂ ಕಲಬುರಗಿಯಲ್ಲೇ. ಆದರೆ ಅದು ಎಲ್ಲರಿಗೂ 200 ಯೂನಿಟ್ ಉಚಿತ ಎಂಬ ಯೋಜನೆಯಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಮಿತಿ ನಿಗದಿ ಮಾಡಲಾಗಿತ್ತು. ಅದನ್ನು ಮೀರಿದ್ದಕ್ಕೆ ಹಣ ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮಿತಿಯ ಅಂಚಿನಲ್ಲಿರುವ ಮನೆಗೆ ಮರೆತ ದೀಪವೊಂದೇ ಸಾಕಾಗುತ್ತದೆ.

ಅಟ್ಟದಲ್ಲಿದ್ದ ದೀಪವನ್ನು ನಾವು ತೆಗೆಸಿಯೇಬಿಟ್ಟೆವು. ಏಣಿಯ ಪಕ್ಕದ ಮೊಳೆಗೆ ಒಂದು ಚಾರ್ಜಿಂಗ್ ಟಾರ್ಚ್ ತೂಗುಹಾಕಿದ್ದೇವೆ. ಹತ್ತುವವರು ಅದನ್ನು ಒಯ್ದು, ಇಳಿಯುವಾಗ ತಂದು ಅಲ್ಲಿಯೇ ಹಾಕುತ್ತಾರೆ. ನಮ್ಮ ಆಯಿಯ ಕಾಲದ ಕಂದೀಲಿನ ಪದ್ಧತಿಯೇ ಇದು. ಕೈಯಲ್ಲಿದ್ದ ಕಂದೀಲನ್ನು ಒಳಗೆ ಬಿಟ್ಟು ಬಂದರೆ ಹೊರಗಿನ ದಾರಿಯೇ ಕಾಣುತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ಮರೆತು ಬಂದದ್ದಿಲ್ಲ.

ತಮ್ಮ ಕೋಣೆಯ ಸ್ವಿಚ್‌ಬೋರ್ಡಿನಲ್ಲಿ ನ್ಯೂಟ್ರಲ್ ಇದೆಯೇ ಎಂದು ಮೊದಲು ವೈರಿಂಗ್ ಮಾಡುವವರಿಂದ ನೋಡಿಸಿ. ಇದ್ದರೆ ಇಂಡಿಕೇಟರ್ ಹಾಕಿಸಿ. ಇಲ್ಲದಿದ್ದರೆ, ಕದ ಮುಚ್ಚಿದಾಗ ಒತ್ತಿಕೊಂಡು ದೀಪ ಆರಿಸುವ, ಫ್ರಿಜ್ಜಿನ ಬಾಗಿಲಲ್ಲಿ ಇರುವಂಥ ಸ್ವಿಚ್ಚನ್ನು ಚೌಕಟ್ಟಿಗೆ ಕೂರಿಸಬಹುದು; ಅದು 230 ವೋಲ್ಟ್ ತಡೆಯುವಂಥದ್ದೇ ಆಗಿರಲಿ, ಬ್ಯಾಟರಿ ದೀಪಗಳ ಜೊತೆ ಬರುವ ಚಿಕ್ಕ ಅಯಸ್ಕಾಂತದ ಸ್ವಿಚ್ಚನ್ನು ಮನೆಯ ಕರೆಂಟಿಗೆ ನೇರವಾಗಿ ಜೋಡಿಸಲು ಬಿಡಬೇಡಿ. ಮಳೆಗಾಲದಲ್ಲಿ ಮರದ ಕದ ಉಬ್ಬಿ ಪೂರ್ತಿ ಕೂಡದೆ ಹೋದರೆ ಆ ಸ್ವಿಚ್ ಒತ್ತಿಕೊಳ್ಳುವುದಿಲ್ಲ, ನಿಜ. ಆದರೆ ಆಗ ಸಂದಿಯಿಂದ ಬೆಳಕು ಹೊರಗೆ ಬೀಳುವುದರಿಂದ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ.