ಪ್ರತಿಕ್ರಿಯೆ: ಹಾಡಿನ ಕೊನೆಗೆ ತುಟಿ ಮುಂದೋಡುತ್ತಿದೆ

ಕೊಲೊರಾಡೊ ಹಿಮದಲ್ಲಿ ಹೆಣ ಕೊಯ್ಯುವ ಚಿನ್ನದ ಬೇಟೆಗಾರರ ಕುರಿತ ನಿಮ್ಮ ಹಾಡಿನ ಚಿತ್ರದಲ್ಲಿ, ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ನಟರ ತುಟಿ ಹೊಂದುತ್ತಿಲ್ಲ ಎಂದು ಕೇಳಿದ್ದೀರಿ. ಮೊದಲ ಸಾಲಿನಲ್ಲಿ ತುಟಿ ಸರಿಯಾಗಿ ಕೂತು, ಮೂರನೇ ನಿಮಿಷಕ್ಕೆ ಹಾಡಿಗಿಂತ ಮುಂದೆ ಹೋಗುತ್ತಿದೆ ಅಂದರೆ ಬಹುಶಃ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ಗೊಂದಲ. 23.976ರಲ್ಲಿ ಚಿತ್ರೀಕರಿಸಿದ್ದನ್ನು ಎಡಿಟಿಂಗ್ ಸಾಫ್ಟ್‌ವೇರ್ 24 ಎಂದು ಓದಿದರೆ ಚಿತ್ರ ಶೇ 0.1ರಷ್ಟು ವೇಗವಾಗುತ್ತದೆ, ಮೂರು ನಿಮಿಷಕ್ಕೆ 0.18 ಸೆಕೆಂಡ್, ಅಂದರೆ ನಾಲ್ಕು ಫ್ರೇಮ್.

ಮೊದಲು ಕ್ಲಿಪ್‌ನ ಪ್ರಾಪರ್ಟೀಸ್ ನೋಡಿ. 23.976 ಇದ್ದರೆ ಕ್ಲಿಪ್, ಟೈಮ್‌ಲೈನ್ ಎರಡನ್ನೂ ಅದಕ್ಕೇ ಹೊಂದಿಸಿ. ಹಾಡನ್ನು ಎಳೆಯಲು ಹೋಗಬೇಡಿ. ಫೋನಿನಲ್ಲಿ ತೆಗೆದಿದ್ದರೆ ವೇರಿಯಬಲ್ ಫ್ರೇಮ್ ರೇಟ್ (ನಡುನಡುವೆ ಬದಲಾಗುವ ರೇಟ್) ಇರಬಹುದು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತನೆ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟೆಂಟ್‌ಗೆ (ಒಂದೇ ರೇಟ್‌ಗೆ) ಬದಲಿಸಿ, ಆಮೇಲೆ ಮತ್ತೆ ಜೋಡಿಸಿ. ಹಾಡಿನ ಶ್ರುತಿಯೇ ಬದಲಾಗಿದ್ದರೆ ಮಾತ್ರ ಆಡಿಯೋದ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಶಬ್ದವನ್ನು ಎಷ್ಟು ಸಲ ಅಳೆಯಲಾಗಿದೆ ಎಂಬುದು) 44.1, 48 ಕಿಲೋಹರ್ಟ್ಸ್ ನಡುವೆ ಅದಲುಬದಲಾಗಿದೆಯೇ ನೋಡಿ.

ಕೊಲೊರಾಡೊ ಹಿಮದ ವೈಡ್ ಶಾಟ್‌ನ ಕಥೆ ಬೇರೆ. ಅಲ್ಲಿ ತುಟಿ ಶುರುವಿನಿಂದಲೇ ಹಿಂದೆ ಬಿದ್ದಿದ್ದರೆ, ಚಿತ್ರೀಕರಣದಲ್ಲಿ ಹಾಡು ಕೇಳಿಸುತ್ತಿದ್ದ ಸ್ಪೀಕರ್ ನಟನಿಂದ ದೂರವಿತ್ತು ಎಂದರ್ಥ: ಸೊನ್ನೆ ಡಿಗ್ರಿಯಲ್ಲಿ ಶಬ್ದ 33 ಮೀಟರ್ ಸಾಗಲು 0.1 ಸೆಕೆಂಡ್ ಬೇಕು. ಆ ಶಾಟನ್ನಷ್ಟೇ ಎರಡು ಫ್ರೇಮ್ ಹಿಂದಕ್ಕೆ, ಅಂದರೆ ಬೇಗ ಶುರುವಾಗುವಂತೆ, ಜರುಗಿಸಿ. ಮುಂದಿನ ಸಲ ಸ್ಪೀಕರನ್ನು ನಟನ ಕಾಲ ಬಳಿ ಹಿಮದಲ್ಲಿ ಹೂತಿಡಿ.

ಉಳಿದ ಒಂದೆರಡು ಫ್ರೇಮ್‌ಗೆ ತಲೆ ಕೆಡಿಸಿಕೊಳ್ಳಬೇಡಿ. 1874ರ ಚಿನ್ನದ ಬೇಟೆಗಾರರ ಅಂಟಿಸಿದ ಗಡ್ಡ ಅರ್ಧ ತುಟಿ ಮುಚ್ಚಿಬಿಡುತ್ತದೆ. ಹೆಣ ಕೊಯ್ಯುತ್ತ ಹಾಡುವ ಕ್ಲೋಸಪ್ ಒಂದನ್ನು ಮಾತ್ರ ಫ್ರೇಮ್ ಫ್ರೇಮ್ ನೋಡಿ ಕೂರಿಸಿ.